ಅತ್ತೆ ವಿಮಾನ ಬೇಡವೆಂದ ವರ್ಷ

ಮೊನ್ನೆ ಮಧ್ಯಾಹ್ನ ಹೂಮಳೆ ಬಂತು. ತಿಂಗಳುಗಟ್ಟಲೆ ಒಣಗಿದ್ದ ನೆಲಕ್ಕೆ ದಪ್ಪ ದಪ್ಪ ಹನಿ ಬಿದ್ದು, ಮಣ್ಣಿನ ವಾಸನೆ ಮೂಡಿಗೆರೆ ಪೇಟೆಯೊಳಗೂ ನುಗ್ಗಿತು. ನಮ್ಮ ಕಾಫಿಪುಡಿ ಅಂಗಡಿಯ ಮುಂದೆ ನಿಂತಿದ್ದ ಬೆಳೆಗಾರರೆಲ್ಲ ಫೋನು ಹಿಡಿದರು. "ನಿಮ್ಮಲ್ಲಿ ಎಷ್ಟು?" "ಮುಕ್ಕಾಲು ಇಂಚು ಮಾರಾಯ, ಬಚಾವಾದ್ವಿ!" ಈ ಒಂದು ಮಳೆ ಬಿದ್ದರೆ ಗಿಡ ಹೂ ಬಿಡುತ್ತದೆ, ಹೂ ಬಿಟ್ಟರೆ ವರ್ಷ ನಡೆಯುತ್ತದೆ. ಇದಕ್ಕಿಂತ ಸಂತೋಷದ ವಾಸನೆ ನಮ್ಮ ಕಡೆ ಇನ್ನೊಂದಿಲ್ಲ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಅಂಗೈ ತಣ್ಣಗಾಗಿ ಬೆವರುತ್ತದೆ. ಯಾಕೆಂದರೆ ಒಂದು ವರ್ಷ ಇದೇ ಮಳೆ ಇಲ್ಲಿ ಬೀಳುತ್ತಿದ್ದ ಹೊತ್ತಿಗೆ ನಾನು ಯುರೋಪಿನ ಯಾವುದೋ ಬೆಟ್ಟದ ಬುಡದಲ್ಲಿ, ದೀಪ ಆರಿದ ಖಾಲಿ ರೈಲಿನಲ್ಲಿ, ಅತ್ತೆಯ ಜೀವ ಕಣ್ಣೆದುರಿಗೇ ಹೋಗಿಬಿಡುತ್ತದೆಂದು ನಡುಗುತ್ತ ಕೂತಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲಿ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುಗಿದರೆ ಕಣ್ಣು ಮುಚ್ಚಿಕೊಳ್ಳುವವಳು. ನನ್ನ ಅತ್ತೆ ಸರ್ವಮಂಗಳಮ್ಮನವರು ಇದಕ್ಕೆ ತದ್ವಿರುದ್ಧ. ತೋಟಕ್ಕೆ ಆನೆ ಬಂದಿದೆ ಎಂದು ಯಾರಾದರೂ ಓಡಿಬಂದರೆ, "ಎಷ್ಟು ಬಂದಿದಾವೆ?" ಎಂದು ಕೇಳಿ ಮತ್ತೆ ಮೆಣಸು ಆರಿಸಲು ಕೂರುವವರು. ಅವರಿಗೆ ಹೆದರಿಕೆ ಇಲ್ಲದ್ದರಿಂದ ಅವರ ಪಾಲಿನದ್ದನ್ನೂ ನಾನೇ ಹೆದರಬೇಕಾಗಿತ್ತು.

ಆ ಪ್ರಯಾಣದ ಹಿಂದಿನ ವರ್ಷ ಜರ್ಮನಿಯಿಂದ ಕಾಫಿ ಕೊಳ್ಳುವವರೊಬ್ಬರು ನಮ್ಮ ತೋಟ ನೋಡಲು ಬಂದಿದ್ದರು. ಅತ್ತೆ ಅವರಿಗೆ ಕಡುಬು ಬಡಿಸಿ, ಕಣದಲ್ಲಿ ಒಣಗುತ್ತಿದ್ದ ಕಾಫಿ ತೋರಿಸಿ, ಒಬ್ಬರ ಭಾಷೆ ಒಬ್ಬರಿಗೆ ಬಾರದೆಯೇ ಸಂಜೆಯವರೆಗೆ ಮಾತಾಡಿ ಕಳಿಸಿದ್ದರು. ಅವರೇ ಈಗ ಕರೆದಿದ್ದರು. ಹ್ಯಾಂಬರ್ಗಿಗೆ ಬಂದು ತಮ್ಮ ಕಾಫಿ ಹುರಿಯುವ ಜಾಗ ನೋಡಿ, ಅಲ್ಲಿಂದ ಇಟಲಿಯ ಮಿಲಾನಿನಲ್ಲಿ ನಡೆಯುವ ಕಾಫಿ ಮೇಳಕ್ಕೂ ಬನ್ನಿ, ಅಮ್ಮನವರು ಬರಲೇಬೇಕು ಎಂದು. ಆ ವರ್ಷ ಹೂಮಳೆ ತಡವಾಗಿತ್ತು. ಮಳೆ ಕೈಕೊಟ್ಟರೆ ಹೊಳೆಗೆ ಪಂಪು ಇಳಿಸಿ ಗಿಡಕ್ಕೆ ನೀರು ಹಾರಿಸಬೇಕು, ಅದಕ್ಕೆ ನನ್ನ ಗಂಡ ಊರಲ್ಲೇ ಉಳಿದರು. ಹೊರಟದ್ದು ನಾನು, ಅತ್ತೆ, ಜೊತೆಗೆ ಚಿಕ್ಕಮಗಳೂರು ಕಡೆಯ ನಾಲ್ಕಾರು ಬೆಳೆಗಾರರು.

ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಸೂಜಿ. ಹೊರಡುವ ಮುಂಚೆ ಮೂಡಿಗೆರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು, "ನೋಡಮ್ಮ, ಶುಗರ್ ಏರಿದ್ರೆ ನಮಗೆ ಟೈಮಿರುತ್ತೆ. ಇಳಿದ್ರೆ ಇರಲ್ಲ. ಸೂಜಿ ಚುಚ್ಚಿದ ಮೇಲೆ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಬೀಳಲೇಬೇಕು." ಅದು ನನಗೆ ಗೊತ್ತಿತ್ತು. ಒಮ್ಮೆ ಕಾಫಿ ಕೊಯ್ಲಿನ ಗಲಾಟೆಯಲ್ಲಿ ತಿಂಡಿ ತಡವಾಗಿ, ಅತ್ತೆ ಕಣದಲ್ಲೇ ಕುಸಿದಿದ್ದರು. ಅವತ್ತು ಅವರ ಕಣ್ಣು ಮೇಲಕ್ಕೆ ಹೋದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಇನ್ನೊಂದು ಸಂಗತಿ ಅತ್ತೆಯ ಕೊರಳಲ್ಲಿತ್ತು. ಬೆಳ್ಳಿಯ ಕರಡಿಗೆ, ಅದರೊಳಗೆ ಗುರುಗಳು ಕೊಟ್ಟ ಇಷ್ಟಲಿಂಗ. ಚಿಕ್ಕ ಹುಡುಗಿಯಾಗಿದ್ದಾಗ ಕಟ್ಟಿಸಿಕೊಂಡದ್ದು ಒಂದು ದಿನಕ್ಕೂ ಮೈ ಬಿಟ್ಟದ್ದಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟು ನೀರೆರೆದು, ವಿಭೂತಿ ಹಚ್ಚಿ, ಬಿಲ್ವಪತ್ರೆ ಏರಿಸಿ, ಆ ಅಭಿಷೇಕದ ನೀರನ್ನು ಪಾದೋದಕವೆಂದು ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಬಾಯಿಗೆ ಒಂದು ಹನಿ ಬೇರೇನೂ ಬೀಳುವಂತಿಲ್ಲ. ಮನೆಯಲ್ಲಿ ಇದಕ್ಕೊಂದು ಲೆಕ್ಕಾಚಾರವಿತ್ತು. ಸೂಜಿ ಚುಚ್ಚಿಕೊಂಡು ಪೂಜೆಗೆ ಕೂರುವುದು, ಪೂಜೆ ಮುಗಿಯುವ ಹೊತ್ತಿಗೆ ನಾನು ರೊಟ್ಟಿ ತಂದಿಡುವುದು. ಎಷ್ಟೋ ವರ್ಷದಿಂದ ಹಾಗೇ ನಡೆದು ಬಂದಿತ್ತು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಆ ಕರಡಿಗೆಗೆ ಯಂತ್ರ ಕೂಗಿತು. ತೆಗೆದು ತಟ್ಟೆಗೆ ಹಾಕಿ ಎಂದರು. ಮರ್ಯಾದೆಯಿಂದಲೇ ಹೇಳಿದರು, ಅವರ ನಿಯಮ ಅವರಿಗೆ. ಅತ್ತೆ ನನ್ನ ಮುಖ ನೋಡಿದರು, ಹಿಂದೆ ಉದ್ದದ ಸಾಲು ನೋಡಿದರು, ಕೊನೆಗೆ ಶಿವದಾರ ಬಿಚ್ಚಿ ಸೆರಗಿನ ಬಟ್ಟೆಯಲ್ಲಿ ಹಿಡಿದು ಇಟ್ಟರು. ಪಟ್ಟಿಯ ಮೇಲೆ ಮುಂದೆ ಯಾರದ್ದೋ ಬೆಲ್ಟು, ಹಿಂದೆ ಯಾರದ್ದೋ ಬೂಟು, ನಡುವೆ ಅತ್ತೆಯ ಕರಡಿಗೆ ಸಾಗಿತು. ಅತ್ತೆ ಕಣ್ಣೀರು ಹಾಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ವಿಮಾನ ಇಳಿದು ಹ್ಯಾಂಬರ್ಗಿನ ಹೋಟೆಲಿನಲ್ಲಿ ಸ್ನಾನ ಮಾಡಿ ಪೂಜೆ ಮಾಡುವ ತನಕ ಅವರು ನೀರು ಮುಟ್ಟಲಿಲ್ಲ. ಪುಣ್ಯಕ್ಕೆ ಸೂಜಿಯನ್ನೂ ಮುಟ್ಟಿರಲಿಲ್ಲ. ಇಡೀ ದಾರಿ ನಾನು ಅವರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ.

ಹ್ಯಾಂಬರ್ಗಿನ ಕೆಲಸ ಮುಗಿದ ದಿನ ಅತ್ತೆ ತಮ್ಮ ತೀರ್ಮಾನ ಹೇಳಿದರು.

"ಊರಿಗೆ ಹೋಗುವಾಗ ಒಂದ್ಸಲ ಕಣ್ಣು ಮುಚ್ಕೊಂಡು ಆ ಯಂತ್ರ ದಾಟ್ತೀನಿ, ಬೇರೆ ದಾರಿ ಇಲ್ಲ. ಮಧ್ಯದಲ್ಲಿ ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ. ಮಿಲಾನಿಗೆ ನೆಲದ ಮೇಲೆ ಹೋಗೋ ದಾರಿ ಇಲ್ವೇನೇ?"

"ರೈಲಿದೆ ಅತ್ತೆ. ಆದ್ರೆ ಎರಡು ದಿನ ಬೇಕು. ಜರ್ಮನಿ ದಾಟಿ, ಸ್ವಿಟ್ಜರ್ಲೆಂಡ್ ದಾಟಿ ಇಟಲಿಗೆ ಹೋಗ್ಬೇಕು. ಮೂರು ದೇಶ!"

"ಮೂರು ದೇಶ ಅಂದ್ರೇನು, ಮೂರು ಲೋಕನಾ? ಕಳಸದಿಂದ ಬೆಂಗ್ಳೂರಿಗೆ ಹೋಗ್ಲಿಕ್ಕೂ ಒಂದ್ ದಿನ ಹಿಡಿಯುತ್ತೆ. ಎತ್ತು ಚೀಲ."

ಉಳಿದ ಬೆಳೆಗಾರರು ವಿಮಾನ ಹತ್ತಿ ಒಂದೂವರೆ ಗಂಟೆಯಲ್ಲಿ ಮಿಲಾನು ಸೇರಿದರು. ನಾವಿಬ್ಬರು ರೈಲು ಹತ್ತಿದೆವು. ಒಳಗೆ ಹೋಗುವ ತನಕ ನಮ್ಮನ್ನು ಯಾರೂ ತಡೆಯಲಿಲ್ಲ, ಮುಟ್ಟಲಿಲ್ಲ, ಏನು ಬಿಚ್ಚಿ ಎನ್ನಲಿಲ್ಲ. ಅತ್ತೆ ಮಹಾರಾಣಿಯ ಹಾಗೆ ಕಿಟಕಿ ಪಕ್ಕ ಕೂತರು. ನನಗೋ, ಅತ್ತ ದರಿ ಇತ್ತ ಪುಲಿ. ಕೂಗದೆ ಹೇಳದೆ ಹೊರಡುವ ರೈಲು, ತಾನೇ ಮುಚ್ಚಿಕೊಳ್ಳುವ ಬಾಗಿಲು, ನಡುವೆ ಇಳಿದು ಬೇರೆ ರೈಲಿಗೆ ಓಡುವ ಅವಸರ. ನಾನು ಪ್ರತಿ ನಿಲ್ದಾಣದಲ್ಲೂ ಎದ್ದು ನಿಂತು ಪಕ್ಕದವರನ್ನು ಕೇಳುತ್ತಿದ್ದೆ, ಅವರು ಪಾಪ ತಾಳ್ಮೆಯಿಂದ ತಲೆ ಅಲ್ಲಾಡಿಸುತ್ತಿದ್ದರು. ಗಡಿಯ ಹತ್ತಿರ ನಾಯಿ ಹಿಡಿದ ಪೊಲೀಸರು ಬೋಗಿಯೊಳಗೆ ಬಂದಾಗ ನನ್ನ ಜೀವ ಬಾಯಿಗೆ ಬಂತು. ಅತ್ತೆಯ ಕೈ ತಾನಾಗಿ ಕೊರಳಿಗೆ ಹೋಯಿತು. ಪೊಲೀಸರು ಪಾಸ್‌ಪೋರ್ಟು ನೋಡಿ ಮುಂದೆ ಹೋದರು. ನಾಯಿ ಮಾತ್ರ ನಮ್ಮ ಶೇಂಗಾ ಚಟ್ನಿಪುಡಿಯ ಚೀಲ ಬಿಟ್ಟು ಬರಲು ಒಪ್ಪಲಿಲ್ಲ.

"ನೋಡು, ಅದಕ್ಕಾದ್ರೂ ರುಚಿ ಗೊತ್ತು," ಎಂದರು ಅತ್ತೆ.

ರಾತ್ರಿ ಸ್ವಿಟ್ಜರ್ಲೆಂಡಿನ ಒಂದು ಊರಿನಲ್ಲಿ ತಂಗಿದೆವು. ಮರುದಿನ ಬೆಳಿಗ್ಗೆ ಬೇಗ ರೈಲು. ಅತ್ತೆ ಸ್ನಾನ ಮುಗಿಸಿದರು, ಪೂಜೆಗೆ ಹೊತ್ತಿರಲಿಲ್ಲ. "ರೈಲಲ್ಲೇ ಮಾಡ್ತೀನಿ ಬಿಡು. ಹೊರನಾಡಿಗೆ ಹೋಗುವಾಗ ಬಸ್ಸಲ್ಲಿ ಮಾಡಿಲ್ವಾ?" ಎಂದರು. ಮಾಡಿದ್ದು ನಿಜ. ಒಮ್ಮೆ ಕೊಟ್ಟಿಗೆಹಾರದಲ್ಲಿ ತಿಂಡಿಗೆ ನಿಂತ ಬಸ್ಸನ್ನು ಕಂಡಕ್ಟರು "ತಡೀರಪ್ಪ, ಅಮ್ಮಾವ್ರ ಪೂಜೆ ಮುಗೀಲಿ" ಎಂದು ಹೊರಡಿಸದೆ ನಿಲ್ಲಿಸಿಕೊಂಡಿದ್ದರು. ಬಸ್ಸಿನವರೂ ಯಾರೂ ಬೇಸರಪಡಲಿಲ್ಲ.

ರೈಲು ಹೊರಟು ಸ್ವಲ್ಪ ಹೊತ್ತಿಗೆ ಅತ್ತೆ ಎಂದಿನಂತೆ ಸೂಜಿ ಚುಚ್ಚಿಕೊಂಡರು. ಎದುರಿನ ಮಡಚುವ ಮೇಜಿನ ಮೇಲೆ ಮಡಿ ವಸ್ತ್ರ ಹಾಸಿ, ಪುಟ್ಟ ಬೆಳ್ಳಿ ಬಟ್ಟಲು, ವಿಭೂತಿ, ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಿಲ್ವಪತ್ರೆಯ ಡಬ್ಬಿ, ನೈವೇದ್ಯಕ್ಕೆ ಒಣದ್ರಾಕ್ಷಿ, ಎಲ್ಲ ಇಟ್ಟುಕೊಂಡರು. ಲಿಂಗ ಅಂಗೈ ಮೇಲೆ ಬಂತು. ನೀರೆರೆದು ಬಟ್ಟಲಿಗೆ ಬಿಟ್ಟರು. ಟಿಕೆಟು ನೋಡಲು ಬಂದ ಕೆಂಪು ಚೀಲದ ಹೆಂಗಸು ಒಂದು ಗಳಿಗೆ ನಿಂತು ನೋಡಿ, ನನ್ನ ಕೈಯ ಟಿಕೆಟಿಗಷ್ಟೇ ಗುರುತು ಹಾಕಿ ಸದ್ದಿಲ್ಲದೆ ಹೋದರು. ಅತ್ತೆ ಕಣ್ಣು ಮುಚ್ಚಿದರು.

ಆಗಲೇ ರೈಲು ನಿಧಾನವಾಗಿ, ಯಾವುದೋ ಸಣ್ಣ ನಿಲ್ದಾಣದಲ್ಲಿ ನಿಂತಿತು. ಮೈಕಿನಲ್ಲಿ ಮೂರು ಭಾಷೆಯಲ್ಲಿ ಏನೋ ಹೇಳಿದರು. ಜನ ಎದ್ದು ಚೀಲ ಇಳಿಸತೊಡಗಿದರು. ಒಬ್ಬರು ನನಗೆ ಇಂಗ್ಲಿಷಿನಲ್ಲಿ, ಈ ರೈಲು ಕೆಟ್ಟಿದೆ, ಎದುರಿನ ಪ್ಲಾಟ್‌ಫಾರ್ಮಿಗೆ ಬೇರೆ ರೈಲು ಬರುತ್ತದೆ, ಇಳಿಯಿರಿ ಎಂದರು.

"ಅತ್ತೆ, ಇಳೀಬೇಕಂತೆ."

ಅತ್ತೆ ಕಣ್ಣು ತೆರೆಯದೆ ಬಲಗೈ ಎತ್ತಿ 'ತಾಳು' ಎಂದು ಸನ್ನೆ ಮಾಡಿದರು. ಪೂಜೆಯಲ್ಲಿ ಅವರು ಮಾತಾಡುವುದಿಲ್ಲ. ಲಿಂಗ ಅಂಗೈಯಲ್ಲಿರುವಾಗ ಕೂತಲ್ಲಿಂದ ಏಳುವುದಂತೂ ಇಲ್ಲವೇ ಇಲ್ಲ. ನಾನೂ ಕೂತೆ. ನಿಜ ಹೇಳಬೇಕೆಂದರೆ, ಇಷ್ಟು ವಯಸ್ಸಾದವರು ಪೂಜೆಗೆ ಕೂತಿರುವುದನ್ನು ಆ ಟಿಕೆಟಿನ ಹೆಂಗಸು ನೋಡಿದ್ದಾರೆ, ಕಾಯುತ್ತಾರೆ ಎಂದೇ ನಾನು ನಂಬಿದ್ದೆ. ಕಳಸದ ಬಸ್ಸಿನಲ್ಲಿ ಬೆಳೆದವರಿಗೆ ಬೇರೆ ಯೋಚನೆ ಬರುವುದಿಲ್ಲ.

ಎದುರಿನ ರೈಲು ಬಂತು. ನಮ್ಮ ಬೋಗಿಯವರೆಲ್ಲ ಹತ್ತಿದರು. ಅದು ಹೊರಟೇಹೋಯಿತು. ನಮ್ಮ ಬೋಗಿಯ ಬಾಗಿಲು ಮುಚ್ಚಿಕೊಂಡಿತು, ದೀಪ ಆರಿತು, ಬಿಸಿಗಾಳಿ ನಿಂತಿತು. ಹೊರಗೆ ಹಿಮ ಹೊತ್ತ ಬೆಟ್ಟ ಕಿಟಕಿಗೆ ಅಡ್ಡ ನಿಂತು, ಬೆಳಗಿನಲ್ಲೇ ಒಳಗೆ ಕತ್ತಲಾದಂತಾಯಿತು. ಎದ್ದು ಓಡಿ ಬಾಗಿಲು ತಟ್ಟೋಣವೆಂದರೆ ಅತ್ತೆಯನ್ನು ಬಿಟ್ಟು ಹೋಗಲು ಕಾಲು ಬರಲಿಲ್ಲ.

ಅತ್ತೆಯ ಕಡೆ ತಿರುಗಿದೆ. ಅಷ್ಟು ಚಳಿಯಲ್ಲಿ ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಅಯ್ಯೋ ಶಿವನೇ! ಸೂಜಿ ಚುಚ್ಚಿ ಅರ್ಧ ಗಂಟೆ ದಾಟಿಹೋಗಿತ್ತು. ಪತ್ರೆ ಇನ್ನೂ ಡಬ್ಬಿಯಲ್ಲೇ ಇತ್ತು, ಪೂಜೆ ಅರ್ಧವೂ ಆಗಿರಲಿಲ್ಲ. "ಅತ್ತೆ, ಸಾಕು, ಒಂದು ದ್ರಾಕ್ಷಿ ಬಾಯಿಗೆ ಹಾಕ್ಕೊಳ್ಳಿ. ನಿಮ್ಮ ಕಾಲು ಹಿಡ್ಕೊತೀನಿ," ಎಂದೆ. ಅವರು ತುಟಿ ಬಿಗಿದು ತಲೆ ಅಲ್ಲಾಡಿಸಿದರು. ಅಂಗೈ ನಡುಗತೊಡಗಿತು. ಅದರ ಮೇಲಿದ್ದ ಲಿಂಗವೂ ನಡುಗಿತು. ಅದು ಕೆಳಗೆ ಬಿದ್ದರೆ ಅತ್ತೆ ಆಮೇಲೆ ಅನ್ನ ಮುಟ್ಟುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಇನ್ನೊಬ್ಬರ ಲಿಂಗವನ್ನು ನಾನು ಮುಟ್ಟುವಂತಿಲ್ಲ. ಮಂಡಿಯೂರಿ, ಅವರ ಅಂಗೈಯ ಕೆಳಗೆ, ತಾಗದ ಹಾಗೆ, ನನ್ನ ಎರಡು ಕೈ ಬೊಗಸೆ ಮಾಡಿ ಹಿಡಿದೆ. ಈಗ ನನಗೆ ಬೇರೆ ಕೈ ಇರಲಿಲ್ಲ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಒಂದು ಬೆರಳು ಚಾಚಿ ಒತ್ತಿದೆ. ಗಂಡನ ದನಿಗಿಂತ ಮೊದಲು ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿತು.

"ಬಂತು ಕಣೇ! ಏನ್ ಮಳೆ ಅಂತೀಯ! ಮಣ್ಣಿನ ವಾಸನೆ ನಿಂಗೆ ಅಲ್ಲಿಗೇ ಬರ್ಬೇಕು, ಅಷ್ಟಿದೆ. ಅಮ್ಮಂಗೆ ಕೊಡು ಫೋನು."

"ಅಮ್ಮ ಪೂಜೆಗೆ ಕೂತಿದಾರೆ," ಎಂದೆ.

"ಸರಿ ಸರಿ, ಮುಗಿದ ಮೇಲೆ ಹೇಳು. ಕುಣಿದುಬಿಡ್ತಾರೆ!"

ಇಟ್ಟುಬಿಟ್ಟರು. ಹೇಳಿ ಏನು ಮಾಡಲಿ? ಅಷ್ಟು ದೂರದಿಂದ ಅವರು ಏನು ಮಾಡಿಯಾರು? ಗಂಡನ ದನಿ ನಿಂತ ಮೇಲೆ ಬೋಗಿ ಇನ್ನೂ ಖಾಲಿಯಾಯಿತು. ಅಂಥ ಭಯ ನನಗೆ ಅದಕ್ಕಿಂತ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಆಗ ಅತ್ತೆ ಕಣ್ಣು ತೆರೆದರು. ನೋಟ ನನ್ನನ್ನು ದಾಟಿ ಎಲ್ಲೋ ಹೋಯಿತು. ಪೂಜೆಯಲ್ಲಿ ಎಂದೂ ಮಾತಾಡದವರು ತೊದಲುತ್ತ ಕೇಳಿದರು, "ಕೊಟ್ಟಿಗೆಹಾರ ಬಂತೇನೇ?"

ಸಕ್ಕರೆ ಇಳಿದು ತಲೆ ಮಂಕಾಗಿದೆ ಎಂದು ಗೊತ್ತಾಯಿತು. ಇದಾದ ಮೇಲೆ ಬರುವುದು ಅವತ್ತು ಕಣದಲ್ಲಿ ನೋಡಿದ ಆ ಕಣ್ಣು. ಅದೇ ಹೊತ್ತಿಗೆ ರೈಲು ಜಗ್ಗಿ, ನಿಧಾನವಾಗಿ ಹಿಂದಕ್ಕೆ ಚಲಿಸತೊಡಗಿತು. ಕೆಟ್ಟ ರೈಲನ್ನು ಶೆಡ್ಡಿಗೆ ಎಳೆಯುತ್ತಿದ್ದರು, ನಾವಿಬ್ಬರು ಒಳಗೆ. ನಾನು ಕಿರುಚಿದೆ. ಇಂಗ್ಲಿಷಿನಲ್ಲೋ ಕನ್ನಡದಲ್ಲೋ ನೆನಪಿಲ್ಲ, ಗಂಟಲು ಹರಿಯುವ ಹಾಗೆ ಕಿರುಚಿದೆ.

ಮುಂದಿನ ಬೋಗಿಯ ಬಾಗಿಲು ತೆರೆದು ಆ ಕೆಂಪು ಚೀಲದ ಹೆಂಗಸು ಓಡಿಬಂದರು. ನಮ್ಮನ್ನು ಕಂಡವರೇ ಗದರಿದರು. ಇಳಿಯಬೇಕಿತ್ತು, ಮೂರು ಸಲ ಹೇಳಿದೆವು, ಇದೇನು ನೀವು ಮಾಡಿದ್ದು ಎಂದು. ಆಮೇಲೆ ಅತ್ತೆಯ ಮುಖ ನೋಡಿ ಅವರ ಮಾತು ನಿಂತಿತು. ನನಗೆ ಗೊತ್ತಿದ್ದ ಇಂಗ್ಲಿಷೆಲ್ಲ ಉಡುಗಿಹೋಗಿತ್ತು. "ಇನ್ಸುಲಿನ್," ಎಂದೆ. ನನ್ನ ಬೊಗಸೆ ತೋರಿಸಿ, "ಮುಟ್ಟಬೇಡಿ. ಬಿದ್ದರೆ ಹಿಡೀರಿ. ಪ್ಲೀಸ್," ಎಂದೆ. ಅವರಿಗೆ ಏನು ಅರ್ಥವಾಯಿತೋ. ತಮ್ಮ ಫೋನಿನಲ್ಲಿ ಎರಡು ಮಾತು ಹೇಳಿ ರೈಲು ನಿಲ್ಲಿಸಿದರು. ಚೀಲ ಕಳಚಿ ಎಸೆದು ನನ್ನ ಪಕ್ಕ ಮಂಡಿಯೂರಿದರು. ನನ್ನ ಕೈ ಇದ್ದಲ್ಲಿ ತಮ್ಮ ಕೈ ಇಟ್ಟು, ಅತ್ತೆಯ ನಡುಗುವ ಅಂಗೈಯ ಕೆಳಗೆ ಬೊಗಸೆ ಹಿಡಿದರು, ತಾಗದ ಹಾಗೆ.

ನನಗೆ ಕೈ ಸಿಕ್ಕಿತು. ದ್ರಾಕ್ಷಿ ಅಗಿಯುವ ಸ್ಥಿತಿಯಲ್ಲಿ ಅತ್ತೆ ಇರಲಿಲ್ಲ. ಬೆಳಿಗ್ಗೆ ಹೋಟೆಲಿನ ಕೋಣೆಯಿಂದ ಎತ್ತಿಕೊಂಡು ಬಂದಿದ್ದ ಸಕ್ಕರೆ ಪೊಟ್ಟಣಗಳು ನನ್ನ ಚೀಲದಲ್ಲಿದ್ದವು. ಹಲ್ಲಿನಿಂದ ಹರಿದು ಒಂದರ ಮೇಲೊಂದು ಬೆಳ್ಳಿ ಬಟ್ಟಲಿಗೆ ಸುರಿದೆ, ಅಭಿಷೇಕದ ಆ ನೀರಿಗೇ. ಬೆರಳಿನಿಂದ ಕದಡಿ ಅತ್ತೆಯ ತುಟಿಗೆ ಹಿಡಿದೆ.

"ಹೂಂ ಅತ್ತೆ, ಕೊಟ್ಟಿಗೆಹಾರ ಬಂತು. ಪೂಜೆನೂ ಮುಗೀತು. ಪಾದೋದಕ ತಗೊಳ್ಳಿ."

ಅವರು ನನ್ನನ್ನು ನೋಡಿದರು. ಅವರ ತುಟಿ ಬಿಗಿದೇ ಇತ್ತು. "ಮುಗೀತಾ?" ಎಂದರು.

"ಮುಗೀತು. ನಾನೇ ನೋಡಿದೆ."

ಅತ್ತೆ ಬಾಯಿ ತೆರೆದರು.

ಗುಟುಕು ಗುಟುಕಾಗಿ ಹನಿಸಿದೆ. ಮತ್ತೆ ನೀರು ಬೆರೆಸಿ ಮತ್ತೆ ಹನಿಸಿದೆ. ಬೆವರು ಮೊದಲು ನಿಂತಿತು, ಆಮೇಲೆ ಕೈ ನಡುಕ. ಕಣ್ಣಿಗೆ ನಿಧಾನವಾಗಿ ಗುರುತು ಬಂತು. ಅತ್ತೆ ಬೋಗಿಯನ್ನು ನೋಡಿದರು, ನನ್ನನ್ನು ನೋಡಿದರು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಇಟ್ಟುಕೊಂಡರು. ಆ ಹೆಂಗಸು ಇನ್ನೂ ಬೊಗಸೆ ಹಿಡಿದೇ ಇದ್ದರು, ಇಳಿಸಬಹುದೆಂದು ಹೇಳಲು ನನಗೆ ನೆನಪಾಗಿರಲಿಲ್ಲ.

"ಯಾರೇ ಈ ತಾಯಿ? ಆಗಿಂದ ಕೈ ಒಡ್ಕೊಂಡು ಕೂತಿದಾಳೆ. ಪ್ರಸಾದ ಬೇಕಂತಾ?" ಎಂದು ಅತ್ತೆ ಒಂದು ಹಿಡಿ ಒಣದ್ರಾಕ್ಷಿ ಅವರ ಬೊಗಸೆಗೆ ಹಾಕಿದರು. ಆಕೆ ಅದನ್ನೇ ನೋಡುತ್ತ ಕೂತು, ಆಮೇಲೆ ಒಂದೊಂದಾಗಿ ಎಲ್ಲವನ್ನೂ ತಿಂದರು. ನಾನು ಅತ್ತೆಯ ಮಡಿಲಿಗೆ ತಲೆ ಇಟ್ಟು ಹೋ ಎಂದು ಅತ್ತುಬಿಟ್ಟೆ.

ಆಕೆಯೇ ನಮ್ಮನ್ನು ಇಳಿಸಿ, ಹಳಿಯ ಪಕ್ಕದ ಜಲ್ಲಿಯ ಮೇಲೆ ಕೈಹಿಡಿದು ನಿಲ್ದಾಣಕ್ಕೆ ನಡೆಸಿ, ಮಧ್ಯಾಹ್ನದ ರೈಲಿಗೆ ಹತ್ತಿಸಿದರು. ಆ ರೈಲಿನಲ್ಲಿ ಅತ್ತೆ ರೊಟ್ಟಿ ತಿಂದರು, ಮಗನೊಂದಿಗೆ ಫೋನಿನಲ್ಲಿ ಮಳೆಯ ಮಾತಾಡಿದರು. ನನ್ನೊಂದಿಗೆ ಮಾತ್ರ ಮಾತಿಲ್ಲ. ನನಗೆ ಎರಡನೇ ಭಯ ಶುರುವಾಯಿತು. ಡಬ್ಬಿ ತೆರೆದರೆ ಏರಿಸದ ಪತ್ರೆ ಕಾಣುತ್ತದೆ. ಪೂಜೆ ಮುಗಿದಿರಲಿಲ್ಲ, ಅಂಗೈಯಲ್ಲಿ ಲಿಂಗವಿರುವಾಗಲೇ ಸೊಸೆ ಸುಳ್ಳು ಹೇಳಿ ಬಾಯಿಗೆ ಸಕ್ಕರೆ ಹಾಕಿದಳು ಎಂದು ತಿಳಿದರೆ ಈ ಹಟದ ಹೆಂಗಸು ಪ್ರಾಯಶ್ಚಿತ್ತವೆಂದು ಎಷ್ಟು ದಿನ ಉಪವಾಸ ಕೂರುತ್ತಾರೋ! ವಿಮಾನ ನಿಲ್ದಾಣದಲ್ಲಿ ಕರಡಿಗೆ ತಟ್ಟೆಗೆ ಹಾಕಿದ್ದಕ್ಕೇ ನೀರು ಬಿಟ್ಟವರು. ಸಂಜೆ ಮಿಲಾನಿನ ಹೋಟೆಲಿನಲ್ಲಿ ಅವರು ಆ ಡಬ್ಬಿ ತೆರೆದು ನೋಡಿ ಮುಚ್ಚಿದ್ದನ್ನು ಕಂಡೆ. ದೀಪ ಆರಿಸಿ ಮಲಗಿದರು. ನನಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ಪೂಜೆಗೆ ಕೂತರು. ಸೂಜಿಯ ಡಬ್ಬಿ ಚೀಲದಲ್ಲೇ ಇತ್ತು, ಮುಟ್ಟಿರಲಿಲ್ಲ. ಹಾಗಾದರೆ ಇವತ್ತು ಊಟವಿಲ್ಲ, ಉಪವಾಸವೇ ಎಂದುಕೊಂಡೆ. ಪೂಜೆ ನಿಧಾನವಾಗಿ, ಪೂರ್ತಿಯಾಗಿ ನಡೆಯಿತು. ಪಾದೋದಕ ತೆಗೆದುಕೊಂಡು ಕಣ್ಣು ತೆರೆದವರು, "ಆ ಸೂಜಿ ತಗೊಂಡ್ ಬಾ. ಇನ್ಮೇಲೆ ಪೂಜೆ ಮೊದ್ಲು, ಸೂಜಿ ಆಮೇಲೆ," ಎಂದರು. ಹೋದ ಜೀವ ಬಂದಂತಾಯಿತು.

ಸೂಜಿ ತಂದು ನಿಂತರೆ, ಅತ್ತೆ ಕೋಣೆಯ ಟೀ ತಟ್ಟೆಯಿಂದ ಒಂದು ಸಕ್ಕರೆ ಪೊಟ್ಟಣ ಎತ್ತಿ, ಹರಿದು, ಬಟ್ಟಲಲ್ಲಿ ಉಳಿದಿದ್ದ ಪಾದೋದಕಕ್ಕೆ ಸುರಿಯುತ್ತಿದ್ದರು. ಬೆರಳಿನಿಂದ ಕದಡಿ ನನ್ನ ಕಡೆ ಚಾಚಿದರು.

"ಕೈ ಒಡ್ಡು."

ತಮ್ಮ ಲಿಂಗದ ಪಾದೋದಕ ತಾವೇ ತೆಗೆದುಕೊಳ್ಳಬೇಕು, ಇನ್ನೊಬ್ಬರಿಗೆ ಕೊಡುವುದು ನಮ್ಮ ಮನೆಯಲ್ಲಿ ಇಲ್ಲ. "ಅತ್ತೆ, ನಿಮ್ಮದನ್ನ ನಾನು..." ಎಂದೆ.

"ನಿ‌ನ್ನೆ ಪೂಜೆ ಮುಗಿಸಿದ್ದು ನಾನಲ್ಲ, ನೀನು. ಪಾಲು ನಿಂದೂ ಇದೆ. ನಿನ್ನೆ ಇಡೀ ದಿನ ನೀನೂ ಏನೂ ತಿನ್ಲಿಲ್ಲ, ನಂಗೆ ಗೊತ್ತಾಗಲ್ವಾ?" ಎಂದರು. "ಕುಡಿ. ನಿನ್ನಷ್ಟು ಸಕ್ಕರೆ ಹಾಕಿಲ್ಲ."

ಕೈ ಒಡ್ಡಿದೆ. ಒಡ್ಡಿದ ಕೈ ನಡುಗುತ್ತಿತ್ತು. ಅತ್ತೆ ಬಟ್ಟಲು ಬಗ್ಗಿಸುವ ಮೊದಲು, ತಮ್ಮ ಇನ್ನೊಂದು ಕೈಯನ್ನು ನನ್ನ ಕೈಯ ಕೆಳಗೆ ಹಿಡಿದರು.